ಬರ್ಡ್ ನಿಯಮದ ಹಿಂದಿನ ಬರ್ಡ್ ಯಾರು?

ಪ್ರಶ್ನೆ: ಅಮೆರಿಕದ ಬಜೆಟ್ ಮಸೂದೆಗಳ ಸುದ್ದಿಯಲ್ಲಿ ‘ಬರ್ಡ್ ನಿಯಮದಡಿ ಇಂಥ ಅಂಶ ಬಿದ್ದುಹೋಯಿತು’ ಎಂದು ಆಗಾಗ ಓದುತ್ತೇನೆ. ಈ ಬರ್ಡ್ ಯಾರು? ಕರಿಯರನ್ನು ದ್ವೇಷಿಸುವ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನಲ್ಲಿದ್ದವರು ಎಂದು ಕೆಲವರು ಬರೆಯುತ್ತಾರೆ, ಇರಾಕ್ ಯುದ್ಧವನ್ನು ಎದುರಿಸಿ ನಿಂತವರು ಎಂದು ಇನ್ನು ಕೆಲವರು. ಇಬ್ಬರೂ ಒಬ್ಬರೇನಾ? ಐವತ್ತು ವರ್ಷಕ್ಕೂ ಮೇಲೆ ಒಂದೇ ಸದನದಲ್ಲಿ ಉಳಿದದ್ದು ಹೇಗೆ? ಆ ನಿಯಮ ನಿಜಕ್ಕೂ ಕೆಲಸ ಮಾಡುವುದು ಹೇಗೆ?

ಉತ್ತರ: ಇಬ್ಬರೂ ಒಬ್ಬರೇ. ರಾಬರ್ಟ್ ಕಾರ್ಲೈಲ್ ಬರ್ಡ್, ವೆಸ್ಟ್ ವರ್ಜೀನಿಯಾದ ಡೆಮಾಕ್ರಟಿಕ್ ಸೆನೆಟರ್. ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಅದೇ ಕಾಲಕ್ಕೆ ಪಕ್ಕದ ವರ್ಜೀನಿಯಾದಿಂದ ಹ್ಯಾರಿ ಬರ್ಡ್ ಎಂಬ ಅಪ್ಪ, ಅವರ ನಂತರ ಅದೇ ಹೆಸರಿನ ಮಗ ಸೆನೆಟ್‌ನಲ್ಲಿದ್ದರು. ಅವರದು ಹಳೆಯ, ಅನುಕೂಲಸ್ಥ ರಾಜಕೀಯ ಮನೆತನ. ಇವರಿಗೂ ಅವರಿಗೂ ನೆಂಟಸ್ತಿಕೆ ಇಲ್ಲ. ಹಳೆಯ ಪತ್ರಿಕೆಗಳಲ್ಲಿ ಬರೀ ‘ಸೆನೆಟರ್ ಬರ್ಡ್’ ಎಂದಿದ್ದರೆ ರಾಜ್ಯ ಯಾವುದೆಂದು ನೋಡದೆ ಮುಂದೆ ಹೋಗಬೇಡಿ. ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ತುರುಕಿದ ಲೇಖನಗಳು ಸಾಕಷ್ಟಿವೆ.

ಹಾಗೆ ನೋಡಿದರೆ ‘ಬರ್ಡ್’ ಇವರಿಗೆ ಹುಟ್ಟಿನಿಂದ ಬಂದ ಹೆಸರೇ ಅಲ್ಲ. 1917ರ ನವೆಂಬರ್ 20ರಂದು ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದಾಗ ಇಟ್ಟ ಹೆಸರು ಕಾರ್ನೀಲಿಯಸ್ ಕ್ಯಾಲ್ವಿನ್ ಸೇಲ್. ಮರುವರ್ಷದ ಇನ್‌ಫ್ಲುಯೆಂಜಾ ಮಾರಿಗೆ ತಾಯಿ ತೀರಿಕೊಂಡರು. ಕೂಸನ್ನು ಸೋದರತ್ತೆ ಮತ್ತು ಅವರ ಗಂಡ ಟೈಟಸ್ ಬರ್ಡ್ ದತ್ತು ತೆಗೆದುಕೊಂಡು, ಹೆಸರು ಬದಲಿಸಿ, ವೆಸ್ಟ್ ವರ್ಜೀನಿಯಾದ ದಕ್ಷಿಣದ ಕಲ್ಲಿದ್ದಲು ಗಣಿ ಊರುಗಳಲ್ಲಿ ಬೆಳೆಸಿದರು. ಹುಡುಗ ಶಾಲೆಯಲ್ಲಿ ಮೊದಲಿಗ. 1934ರಲ್ಲಿ ಹೈಸ್ಕೂಲು ಮುಗಿಸಿದ. ಕಾಲೇಜಿಗೆ ಕಾಸಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ದುಡಿದ, ಅಂಗಡಿಯಲ್ಲಿ ಮಾಂಸ ಕಡಿಯುವುದನ್ನು ಕಲಿತ. ಎರಡನೇ ಮಹಾಯುದ್ಧದ ಕಾಲಕ್ಕೆ ಬಾಲ್ಟಿಮೋರ್ ಮತ್ತು ಟ್ಯಾಂಪಾದ ಹಡಗುಕಟ್ಟೆಗಳಲ್ಲಿ ವೆಲ್ಡರ್ ಆದ. ಪಿಟೀಲು ನುಡಿಸುವುದು ಮಾತ್ರ ಎಲ್ಲಿ ಹೋದರೂ ಬಿಡಲಿಲ್ಲ.

ಕ್ಲಾನ್ ಕಥೆ ಶುರುವಾಗುವುದು 1940ರ ದಶಕದ ಆರಂಭದಲ್ಲಿ. ಇಲ್ಲಿ ಬರ್ಡ್ ಪರ ಇರುವವರು ‘ಹುಡುಗಾಟದಲ್ಲಿ ಸೇರಿದ್ದರು, ಬಿಟ್ಟರು’ ಎಂದು ತೇಲಿಸಿಬಿಡುತ್ತಾರೆ. ಅದು ಸರಿಯಲ್ಲ. ಅವರು ಬರೀ ಸದಸ್ಯರಲ್ಲ: ಸುಮಾರು 150 ಜನರನ್ನು ಒಟ್ಟುಮಾಡಿ ತಮ್ಮ ಭಾಗದಲ್ಲಿ ಘಟಕವನ್ನೇ ಕಟ್ಟಿದವರು, ಅದರ ಮುಖಂಡರಾಗಿ ಆಯ್ಕೆಯಾದವರು. ಕರಿಯ ಸೈನಿಕರ ಪಕ್ಕದಲ್ಲಿ ನಿಂತು ಹೋರಾಡಲಾರೆ ಎಂದು ಮಿಸಿಸಿಪಿಯ ಜನಾಂಗವಾದಿ ಸೆನೆಟರ್ ಥಿಯೊಡೋರ್ ಬಿಲ್ಬೊಗೆ ಕಾಗದ ಬರೆದಿದ್ದರು. ವರ್ಷದೊಳಗೆ ಆಸಕ್ತಿ ಕಳೆದುಕೊಂಡೆ ಎಂದು 1952ರ ಚುನಾವಣೆಯ ಹೊತ್ತಿಗೆ ಹೇಳಿದರು. ಆದರೆ ಕ್ಲಾನ್ ಮತ್ತೆ ಬೆಳೆಯಬೇಕು ಎಂದು ಅದರ ಮುಖ್ಯಸ್ಥನಿಗೆ ಅವರೇ 1946ರಲ್ಲಿ ಬರೆದ ಪತ್ರ ಹೊರಬಿತ್ತು. ತಾರೀಖುಗಳು ಅವರ ಹೇಳಿಕೆಗೆ ತಾಳೆಯಾಗಲಿಲ್ಲ. ಕಣದಿಂದ ಹಿಂದೆ ಸರಿಯಿರಿ ಎಂಬ ಒತ್ತಡ ಸ್ವಂತ ಪಕ್ಷದಿಂದಲೇ ಬಂತು, ಸರಿಯಲಿಲ್ಲ, ಗೆದ್ದರು.

ಗೆದ್ದದ್ದು ಅದೊಂದೇ ಅಲ್ಲ. 1946ರಲ್ಲಿ ರಾಜ್ಯದ ಕೆಳಮನೆ, 1950ರಲ್ಲಿ ರಾಜ್ಯದ ಮೇಲ್ಮನೆ, 1952ರಿಂದ ಮೂರು ಸಲ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆ, 1958ರಿಂದ ಒಂಬತ್ತು ಸಲ ಸೆನೆಟ್. ಒಂದು ಚುನಾವಣೆಯನ್ನೂ ಸೋಲಲಿಲ್ಲ. 1976ರಲ್ಲಂತೂ ಎದುರಾಳಿಯೇ ಇರಲಿಲ್ಲ. 1959ರ ಜನವರಿ 3ರಿಂದ 2010ರ ಜೂನ್ 28ರಂದು ಸಾಯುವ ತನಕ ಸೆನೆಟ್‌ನಲ್ಲಿ 51 ವರ್ಷ, 5 ತಿಂಗಳು, 26 ದಿನ. ಈ ದಾಖಲೆ ಇನ್ನೂ ಅವರದೇ. ಎರಡೂ ಸದನ ಸೇರಿಸಿದರೆ 57 ವರ್ಷ ಚಿಲ್ಲರೆ. ಆ ಲೆಕ್ಕದಲ್ಲಿ ಮಾತ್ರ ಮಿಷಿಗನ್ನಿನ ಜಾನ್ ಡಿಂಗೆಲ್ 2013ರಲ್ಲಿ ಅವರನ್ನು ದಾಟಿದರು, 59 ವರ್ಷ ಮುಟ್ಟಿದರು. ‘ಅತಿ ದೀರ್ಘ’ ಎಂಬ ಪಟ್ಟ ಇಬ್ಬರಿಗೂ ಸಿಗುವುದನ್ನು ಕಂಡು ಗಲಿಬಿಲಿ ಬೇಡ, ಅಳತೆಗೋಲು ಬೇರೆ ಬೇರೆ.

ಇಷ್ಟು ಗಟ್ಟಿಯಾಗಿ ಬೇರೂರಿದ್ದಕ್ಕೆ ಕಾರಣ ಮಾತುಗಾರಿಕೆ ಎಂದು ಹಲವರು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಬರ್ಡ್ ಬೈಬಲ್, ರೋಮನ್ ಇತಿಹಾಸ, ಪುಟಗಟ್ಟಲೆ ಪದ್ಯ ಬಾಯಿಪಾಠ ಹೇಳುತ್ತಿದ್ದದ್ದು ನಿಜ, ಸಹೋದ್ಯೋಗಿಗಳು ಆಕಳಿಸುತ್ತಿದ್ದದ್ದೂ ಅಷ್ಟೇ ನಿಜ. ಅವರ ಬಂಡವಾಳ ಬೇರೆ: ಸದನದ ನಿಯಮ. ಸೆನೆಟ್‌ಗೆ ಲಿಖಿತ ನಿಯಮಗಳು ನಲವತ್ತನಾಲ್ಕೇ. ಅವುಗಳ ಮೇಲೆ ಕೂತ ಪೂರ್ವನಿದರ್ಶನಗಳು ಸಾವಿರ ಪುಟ ಮೀರುತ್ತವೆ. ಸಾಮಾನ್ಯ ಸೆನೆಟರ್ ಅದನ್ನು ಸಿಬ್ಬಂದಿಗೆ ಬಿಟ್ಟು ಚಂದಾ ಎತ್ತಲು ಹೋಗುತ್ತಾನೆ. ಬರ್ಡ್ ಕೂತು ಓದಿದರು. ಪದವಿಯೇ ಇಲ್ಲದ ಈ ಮನುಷ್ಯ ಸಂಸದರಾಗಿದ್ದುಕೊಂಡೇ ಹತ್ತು ವರ್ಷ ರಾತ್ರಿ ತರಗತಿಗೆ ಹೋಗಿ 1963ರಲ್ಲಿ ಅಮೆರಿಕನ್ ಯೂನಿವರ್ಸಿಟಿಯಿಂದ ಕಾನೂನು ಪದವಿ ಪಡೆದರು. ಅಧ್ಯಕ್ಷ ಕೆನಡಿ ಶಾಂತಿಯ ಬಗ್ಗೆ ಹೆಸರಾಂತ ಭಾಷಣ ಮಾಡಿದ ಘಟಿಕೋತ್ಸವ ಅದೇ. ಬಿ.ಎ. ಮಾತ್ರ ಬಂದದ್ದು 1994ರಲ್ಲಿ, ವಯಸ್ಸು ಎಪ್ಪತ್ತೈದು ದಾಟಿದ ಮೇಲೆ.

ಕಲಿತ ವಿದ್ಯೆಯನ್ನು ಮೊದಲು ದೊಡ್ಡದಾಗಿ ಬಳಸಿದ್ದು ಅವರ ಬದುಕಿನ ಅತ್ಯಂತ ಕೆಟ್ಟ ಕೆಲಸಕ್ಕೆ. ಸೆನೆಟ್‌ನಲ್ಲಿ ಮಾತಿಗೆ ನಿಂತ ಸದಸ್ಯನನ್ನು ಬಹುಮತದ ಬಲದಿಂದ ಕೂರಿಸಲಾಗದು. ಹೀಗೆ ಮಾತಾಡುತ್ತಲೇ ಇದ್ದು ಮಸೂದೆಯನ್ನು ಮತಕ್ಕೆ ಬರದಂತೆ ತಡೆಯುವುದೇ ಫಿಲಿಬಸ್ಟರ್. ಅದನ್ನು ಮುರಿಯಲು ಇರುವ ದಾರಿ ಕ್ಲೋಚರ್, ಅಂದರೆ ಚರ್ಚೆಗೆ ಕಡಿವಾಣ ಹಾಕುವ ನಿರ್ಣಯ. ಆಗ ಅದಕ್ಕೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗ ಬೇಕಿತ್ತು. 1964ರ ನಾಗರಿಕ ಹಕ್ಕುಗಳ ಮಸೂದೆ ವಾರಗಟ್ಟಲೆ ಹೀಗೆ ಸಿಕ್ಕಿಕೊಂಡಿತ್ತು. ಜೂನ್ 9ರ ಸಂಜೆ 7.38ಕ್ಕೆ ಎದ್ದ ಬರ್ಡ್ ಮರುದಿನ ಬೆಳಿಗ್ಗೆ 9.51ಕ್ಕೆ ಕೂತರು: 14 ಗಂಟೆ 13 ನಿಮಿಷ. ಕರಿಯರಿಗೆ ಹೋಟೆಲಿನಲ್ಲಿ ಊಟ, ಕೆಲಸದಲ್ಲಿ ಸಮಾನ ಅವಕಾಶ ಕೊಡುವ ಕಾನೂನಿನ ವಿರುದ್ಧ ಇಡೀ ರಾತ್ರಿ ನಿಂತ ಭಾಷಣ ಅದು. ಫಲ ಸಿಗಲಿಲ್ಲ. ಅವರು ಕೂತ ಸ್ವಲ್ಪ ಹೊತ್ತಿಗೇ ಕ್ಲೋಚರ್ 71–29ರಿಂದ ಗೆದ್ದಿತು. ನಾಗರಿಕ ಹಕ್ಕುಗಳ ಮಸೂದೆಯೊಂದರ ಮೇಲೆ ಅದು ಗೆದ್ದದ್ದು ಅದೇ ಮೊದಲು. ಮರುವರ್ಷದ ಮತದಾನ ಹಕ್ಕು ಕಾಯ್ದೆಗೂ ಬರ್ಡ್ ವಿರೋಧ. 1967ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ನೇಮಕಕ್ಕೂ ಬೇಡವೆಂದರು. 1991ರಲ್ಲಿ ಕ್ಲಾರೆನ್ಸ್ ಥಾಮಸ್‌ಗೂ ಬೇಡವೆಂದರು. ಎರಡಕ್ಕೂ ವಿರುದ್ಧ ಮತ ಹಾಕಿದ ಸೆನೆಟರ್ ಇವರೊಬ್ಬರೇ.

ಬದಲಾವಣೆ ಒಂದೇ ದಿನ ಆದದ್ದಲ್ಲ. 1968ರ ನಾಗರಿಕ ಹಕ್ಕುಗಳ ಕಾಯ್ದೆಗೆ ಪರವಾಗಿ ಮತ ಹಾಕಿದರು, 1983ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ರಜಾದಿನಕ್ಕೂ. ಕ್ಲಾನ್ ಸೇರಿದ್ದು ತನ್ನ ಬದುಕಿನ ಅತಿ ದೊಡ್ಡ ತಪ್ಪು ಎಂದು ಮತ್ತೆ ಮತ್ತೆ ಹೇಳಿದರು. ಆದರೂ 2001ರ ಟಿವಿ ಸಂದರ್ಶನವೊಂದರಲ್ಲಿ ಹಳೆಯ ಜನಾಂಗೀಯ ಬೈಗುಳ ಬಾಯಿಂದ ಬಂದು ಕ್ಷಮೆ ಕೇಳಬೇಕಾಯಿತು. ಅವರು ಸತ್ತಾಗ ಎನ್‌ಎಎಸಿಪಿಯಂಥ ಕರಿಯರ ಹಕ್ಕುಗಳ ಸಂಘಟನೆಯೇ ಶೋಕ ಸೂಚಿಸಿತು. ಇವೆರಡರಲ್ಲಿ ಒಂದನ್ನು ಮಾತ್ರ ಹೇಳುವವರನ್ನು ನಂಬಬೇಡಿ.

ಅಧಿಕಾರದ ಏಣಿ ಹತ್ತಿದ ಬಗೆ ಇನ್ನೂ ಸ್ವಾರಸ್ಯ. 1967ರಲ್ಲಿ ಡೆಮಾಕ್ರಟಿಕ್ ಸದಸ್ಯರ ಕೂಟದ ಕಾರ್ಯದರ್ಶಿಯಾದರು. ಯಾರಿಗೂ ಬೇಡವಾದ ಹುದ್ದೆ. 1969ರಲ್ಲಿ ಪಕ್ಷದ ಸಚೇತಕರಾದವರು ಎಡ್ವರ್ಡ್ ಕೆನಡಿ: ದೊಡ್ಡ ಮನೆತನ, ದೊಡ್ಡ ಹೆಸರು, ಸದನದ ದೈನಂದಿನ ಕೆಲಸದಲ್ಲಿ ಆಸಕ್ತಿ ಕಡಿಮೆ. ಕಲಾಪ ಎಷ್ಟು ಹೊತ್ತಿಗೆ, ಯಾವ ತಿದ್ದುಪಡಿಗೆ ಯಾರಿಗೆ ಎಷ್ಟು ನಿಮಿಷ, ಊರಿಗೆ ಹೊರಟ ಸದಸ್ಯರ ಮತ ತಪ್ಪದಂತೆ ಏನು ಏರ್ಪಾಡು — ಈ ಚಾಕರಿಯನ್ನೆಲ್ಲ ಬರ್ಡ್ ಮಾಡಿದರು. ಸಣ್ಣ ಉಪಕಾರಕ್ಕೂ ಧನ್ಯವಾದದ ಚೀಟಿ ಕಳಿಸುವ ಜಾಯಮಾನ ಬೇರೆ. 1971ರ ಜನವರಿ 21ರಂದು ಸಚೇತಕ ಸ್ಥಾನಕ್ಕೆ ಕೆನಡಿಯ ಎದುರು ನಿಂತು 31–24ರಿಂದ ಗೆದ್ದರು. ಅಂದಿನ ಲೆಕ್ಕಾಚಾರ ನೋಡಿ. ಅವರ ಗುರುವಿನಂತಿದ್ದ ಜಾರ್ಜಿಯಾದ ರಿಚರ್ಡ್ ರಸೆಲ್ ಆಸ್ಪತ್ರೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದರು, ತಮ್ಮ ಮತವನ್ನು ಬರ್ಡ್‌ಗೆ ಬರೆದುಕೊಟ್ಟಿದ್ದರು. ಮತ ಹಾಕುವ ಕ್ಷಣಕ್ಕೆ ಬದುಕಿದ್ದರೆ ಮಾತ್ರ ಅದು ಲೆಕ್ಕಕ್ಕೆ. ರಸೆಲ್ ಇನ್ನೂ ಇದ್ದಾರೆ ಎಂದು ಖಚಿತವಾದ ಮೇಲಷ್ಟೇ ಬರ್ಡ್ ತಮ್ಮ ಹೆಸರು ಸೂಚಿಸಲು ಒಪ್ಪಿದರು. ರಸೆಲ್ ಅದೇ ದಿನ ತೀರಿಕೊಂಡರು. ಗೆಲ್ಲುವಷ್ಟು ಮತ ಕೈಯಲ್ಲಿದೆ ಎಂದು ಎಣಿಸಿಕೊಳ್ಳದೆ ಸ್ಪರ್ಧೆಗೇ ಇಳಿಯದ ಗುಣ ಅವರ ಇಡೀ ವೃತ್ತಿಬದುಕಿನದು.

ಸಚೇತಕರಾಗಿದ್ದಾಗ, ಬಹುಮತ ನಾಯಕ ಮೈಕ್ ಮ್ಯಾನ್ಸ್‌ಫೀಲ್ಡ್ ಜೊತೆ ಸೇರಿ ‘ಎರಡು ಹಳಿ’ ಪದ್ಧತಿ ತಂದರು. ಒಂದು ಮಸೂದೆ ಫಿಲಿಬಸ್ಟರ್‌ನಲ್ಲಿ ಸಿಕ್ಕಿಕೊಂಡರೆ ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಮಸೂದೆಯ ಮೇಲೆ ಕಲಾಪ ನಡೆಸುವುದು. ಸದನ ಸ್ತಬ್ಧವಾಗಬಾರದು ಎಂಬುದು ಉದ್ದೇಶ. ಆದದ್ದು ಬೇರೆ: ತಡೆಯೊಡ್ಡುವವನು ರಾತ್ರಿಯಿಡೀ ನಿಲ್ಲುವ ಕಷ್ಟವೇ ತಪ್ಪಿತು, ‘ತಡೆಯುತ್ತೇನೆ’ ಎಂದು ಹೇಳಿ ಕಳಿಸಿದರೆ ಸಾಕಾಯಿತು. ಇಂದು ಬಹುತೇಕ ಪ್ರತಿ ಮಸೂದೆಗೂ 60 ಮತ ಬೇಕು ಎಂಬ ಸ್ಥಿತಿಗೆ ಈ ಏರ್ಪಾಡಿನ ಪಾಲು ದೊಡ್ಡದು. ಬರ್ಡ್ ಅಭಿಮಾನಿಗಳು ಇದನ್ನು ಹೇಳುವುದಿಲ್ಲ.

ಕ್ಲೋಚರ್ ಗೆಲ್ಲಲು 60 ಮತ ಎಂಬ ಲೆಕ್ಕ ಬಂದದ್ದು 1975ರಲ್ಲಿ. ಪೂರ್ಣ ಸದಸ್ಯಬಲದ ಐದನೇ ಮೂರು ಭಾಗ. ಈಗಲೂ ಮಸೂದೆಗಳಿಗೆ ಕ್ರಮ ಇದೇ: 16 ಸೆನೆಟರುಗಳು ಸಹಿ ಹಾಕಿದ ಅರ್ಜಿ, ನಡುವೆ ಒಂದು ದಿನದ ಅಂತರ, ಆಮೇಲೆ ಮತದಾನ, ಗೆದ್ದರೂ ಮತ್ತೆ 30 ಗಂಟೆಯವರೆಗೆ ಚರ್ಚೆ. ಅಂದರೆ ಒಂದೇ ಮಸೂದೆಗೆ ವಾರ ಹೋಗಬಹುದು. ಈ 30 ಗಂಟೆಯ ಮಿತಿ ಹುಟ್ಟಿದ್ದರ ಹಿಂದೆಯೂ ಬರ್ಡ್ ಇದ್ದಾರೆ. ಅವರು ಬಹುಮತ ನಾಯಕರಾದ 1977ರಲ್ಲಿ ನೈಸರ್ಗಿಕ ಅನಿಲದ ಬೆಲೆಯ ಮಸೂದೆಗೆ ಇಬ್ಬರು ಸೆನೆಟರುಗಳು, ಜೇಮ್ಸ್ ಅಬುರೆಜ್ಕ್ ಮತ್ತು ಹೋವರ್ಡ್ ಮೆಟ್ಜೆನ್‌ಬಾಮ್, ಕ್ಲೋಚರ್ ಗೆದ್ದ ಮೇಲೂ ನೂರಾರು ತಿದ್ದುಪಡಿ ತಂದು ತಡೆದರು. ಬರ್ಡ್ ಉಪಾಧ್ಯಕ್ಷ ಮಾಂಡೇಲ್ ಅವರನ್ನು ಪೀಠದಲ್ಲಿ ಕೂರಿಸಿ, ತಾವೇ ತಿದ್ದುಪಡಿಗಳನ್ನು ಒಂದೊಂದಾಗಿ ಎತ್ತಿ, ಪೀಠದಿಂದ ‘ಕ್ರಮಬದ್ಧವಲ್ಲ’ ಎನ್ನಿಸುತ್ತ ಹೋದರು. ಬೇರೆಯವರಿಗೆ ಬಾಯಿ ತೆರೆಯುವ ಅವಕಾಶವೇ ಸಿಗಲಿಲ್ಲ. ಸದನದಲ್ಲಿ ಗದ್ದಲವೋ ಗದ್ದಲ. 1979ರಲ್ಲಿ ಕ್ಲೋಚರ್ ನಂತರದ ಚರ್ಚೆಗೆ 100 ಗಂಟೆಯ ಮಿತಿ ಬಂತು, 1986ರಲ್ಲಿ ಅದು 30ಕ್ಕೆ ಇಳಿಯಿತು.

ನಿಯಮ ಗೊತ್ತಿದ್ದರೂ ಕೆಲಸ ಕೆಡಬಹುದು ಎಂಬುದಕ್ಕೆ 1988ರ ಫೆಬ್ರವರಿಯ ಒಂದು ರಾತ್ರಿ ನೋಡಿ. ಚುನಾವಣಾ ವೆಚ್ಚದ ಸುಧಾರಣೆಯ ಮಸೂದೆ, ರಿಪಬ್ಲಿಕನ್ನರ ಫಿಲಿಬಸ್ಟರ್. ದಣಿಸಿ ಬಗ್ಗಿಸೋಣ ಎಂದು ಬರ್ಡ್ ರಾತ್ರಿಯಿಡೀ ಕಲಾಪ ಇಟ್ಟರು. ರಿಪಬ್ಲಿಕನ್ನರು ಎದ್ದು ಹೋದರು. ಇಲ್ಲಿ ಒಂದು ಸೂಕ್ಷ್ಮವಿದೆ. ಕೋರಂಗೆ 51 ಜನ ಬೇಕು. ತಡೆಯುವ ಪಕ್ಷದಿಂದ ಒಬ್ಬ ಕಾವಲಿದ್ದು ‘ಕೋರಂ ಇಲ್ಲ’ ಎಂದರೆ ಸಾಕು, ಆ 51 ಜನರನ್ನು ಬಹುಮತದ ಪಕ್ಷವೇ ನಿದ್ದೆಗೆಡಿಸಿ ಕರೆತರಬೇಕು. ದಣಿಯುವವರು ತಡೆಯುವವರಲ್ಲ, ಕಾಯುವವರು. ಬರ್ಡ್ ಹಳೆಯ ನಿಯಮವೊಂದನ್ನು ಹೊರತೆಗೆದು, ಗೈರಾದವರನ್ನು ಬಂಧಿಸಿ ತನ್ನಿ ಎಂದು ಸದನದ ಮಾರ್ಷಲ್‌ಗೆ ಆದೇಶ ಕೊಡಿಸಿದರು. ಒರೆಗಾನ್‌ನ ಬಾಬ್ ಪ್ಯಾಕ್‌ವುಡ್ ಕಚೇರಿಯ ಬಾಗಿಲಿಗೆ ಅಡ್ಡಕೊಟ್ಟು ಒಳಗೆ ಕೂತಿದ್ದರು. ಮಾರ್ಷಲ್ ಬೀಗ ತೆಗೆಸಿ, ಬಾಗಿಲು ನೂಕಿ, ಅವರನ್ನು ಹಿಡಿದು ತಂದರು. ಸದನದ ಬಾಗಿಲಲ್ಲಿ ‘ನಾನಾಗಿ ಕಾಲಿಡುವುದಿಲ್ಲ’ ಎಂದ ಪ್ಯಾಕ್‌ವುಡ್‌ರನ್ನು ಕಾಲು ಮುಂದಾಗಿ ಎತ್ತಿಕೊಂಡು ಒಳಗೆ ತಂದಿಟ್ಟರು. ಕೋರಂ ಆಯಿತು. ಮಸೂದೆ? ಎಂಟನೇ ಸಲದ ಕ್ಲೋಚರ್ ಮತದಾನವೂ ಸೋತು ಸತ್ತುಹೋಯಿತು.

ಈಗ ನಿಮ್ಮ ಮೂಲ ಪ್ರಶ್ನೆ. ಫಿಲಿಬಸ್ಟರ್‌ನಿಂದ ತಪ್ಪಿಸಿಕೊಳ್ಳಲು ಒಂದು ಹಿಂಬಾಗಿಲು ಉಂಟು, ಹೆಸರು ರಿಕನ್ಸಿಲಿಯೇಷನ್. 1974ರ ಬಜೆಟ್ ಕಾಯ್ದೆ ಇದನ್ನು ತಂದದ್ದು ಆಯವ್ಯಯದ ಅಂಕಿಗಳನ್ನು ಹೊಂದಿಸಲು. ಚರ್ಚೆಗೆ 20 ಗಂಟೆ ಮಾತ್ರ, ಸರಳ ಬಹುಮತ ಸಾಕು. 1980ರ ದಶಕದ ಮೊದಲರ್ಧದಲ್ಲಿ ಎಲ್ಲರೂ ಈ ಬಾಗಿಲಿಗೆ ಮುಗಿಬಿದ್ದರು. ಬಜೆಟ್ಟಿಗೆ ಸಂಬಂಧವೇ ಇಲ್ಲದ ಸಾಮಾನನ್ನೂ ತುರುಕತೊಡಗಿದರು. ಹೀಗೇ ಬಿಟ್ಟರೆ ಸೆನೆಟ್‌ಗೂ ಕೆಳಮನೆಗೂ ವ್ಯತ್ಯಾಸವೇ ಉಳಿಯುವುದಿಲ್ಲ ಎಂದು, ಆಗ ಅಲ್ಪಮತದ ನಾಯಕರಾಗಿದ್ದ ಬರ್ಡ್ 1985ರಲ್ಲಿ ತಿದ್ದುಪಡಿ ತಂದರು. 1990ರಲ್ಲಿ ಅದು ಬಜೆಟ್ ಕಾಯ್ದೆಯ 313ನೇ ಸೆಕ್ಷನ್ ಆಗಿ ಕಾಯಂ ಆಯಿತು.

ಆರು ಜರಡಿಗಳಿವೆ. ಸರ್ಕಾರದ ಖರ್ಚನ್ನೋ ಆದಾಯವನ್ನೋ ಬದಲಿಸದ ಅಂಶ ‘ಅನ್ಯ’. ಸಮಿತಿಗೆ ಕೊಟ್ಟ ಉಳಿತಾಯದ ಗುರಿ ತಪ್ಪಿದ್ದಾಗ, ಖರ್ಚು ಹೆಚ್ಚಿಸುವ ಅಥವಾ ಆದಾಯ ತಗ್ಗಿಸುವ ಅಂಶ ಅನ್ಯ. ಸಮಿತಿಯ ವ್ಯಾಪ್ತಿಗೆ ಹೊರಗಿನದು ಅನ್ಯ. ಹಣದ ಪರಿಣಾಮ ಇದ್ದರೂ ಅದು ನೀತಿಯ ಮುಂದೆ ಬರೀ ಆನುಷಂಗಿಕವಾದರೆ ಅನ್ಯ. ಬಜೆಟ್ ಲೆಕ್ಕದ ಅವಧಿ ಮುಗಿದ ಮೇಲೆ ಕೊರತೆ ಹೆಚ್ಚಿಸಿದರೆ ಅನ್ಯ. ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ ಕೈ ಹಾಕಿದರೆ ಅನ್ಯ. ಜಗಳವೆಲ್ಲ ನಾಲ್ಕನೆಯದರ ಸುತ್ತ. ಉಳಿದವನ್ನು ಲೆಕ್ಕ ಹಾಕಿ ನೋಡಬಹುದು, ‘ಆನುಷಂಗಿಕ’ ಎಂಬುದು ಅಭಿಪ್ರಾಯದ ಮಾತು.

ನಡೆಯುವ ಕ್ರಮ ಹೀಗೆ. ಮಸೂದೆ ಸದನಕ್ಕೆ ಬರುವ ಮೊದಲೇ ಎರಡೂ ಪಕ್ಷದ ಸಿಬ್ಬಂದಿ ಪಾರ್ಲಿಮೆಂಟೇರಿಯನ್ ಮುಂದೆ ಕೂತು ಸಾಲು ಸಾಲಾಗಿ ವಾದಿಸುತ್ತಾರೆ. ಪಾರ್ಲಿಮೆಂಟೇರಿಯನ್ ಚುನಾಯಿತರಲ್ಲ, ನಮ್ಮ ವಿಧಾನಸಭೆಯ ಕಾರ್ಯದರ್ಶಿಯಂತೆ ನಿಯಮದ ಸಲಹೆ ಕೊಡುವ ಅಧಿಕಾರಿ. ಈ ವಿಚಾರಣೆಗೆ ಅಲ್ಲಿನವರ ತಮಾಷೆಯ ಹೆಸರು ‘ಬರ್ಡ್ ಬಾತ್’: ಹಕ್ಕಿ ಮೀಯುವ ತೊಟ್ಟಿ. ಅಲ್ಲಿ ಉದುರಿದವಕ್ಕೆ ‘ಬರ್ಡ್ ಡ್ರಾಪಿಂಗ್ಸ್’, ಕನ್ನಡದಲ್ಲಿ ಹೇಳುವುದೇ ಬೇಡ. ಆಮೇಲೆ ಸದನದಲ್ಲಿ ಯಾವ ಸೆನೆಟರ್ ಬೇಕಾದರೂ ಕ್ರಿಯಾಲೋಪ, ಅಂದರೆ ನಿಯಮ ಮುರಿದಿದೆ ಎಂಬ ಆಕ್ಷೇಪ, ಎತ್ತಬಹುದು. ಪೀಠ ಒಪ್ಪಿದರೆ ಆ ಅಂಶವಷ್ಟೇ ಕತ್ತರಿಸಿ ಬೀಳುತ್ತದೆ, ಮಸೂದೆ ಬದುಕುತ್ತದೆ. ಉಳಿಸಿಕೊಳ್ಳಬೇಕೆಂದರೆ 60 ಮತ ಬೇಕು. ಯಾರೂ ಕ್ರಿಯಾಲೋಪ ಎತ್ತದಿದ್ದರೆ ನಿಯಮ ತಾನಾಗಿ ಎಚ್ಚರಗೊಳ್ಳುವುದಿಲ್ಲ ಎಂಬುದನ್ನು ಗಮನಿಸಿ. ನಮ್ಮಲ್ಲಿ ‘ಇದು ಹಣದ ಮಸೂದೆ’ ಎಂದು ಲೋಕಸಭೆಯ ಸ್ಪೀಕರ್ ಪ್ರಮಾಣೀಕರಿಸಿದರೆ ಇಡೀ ಮಸೂದೆಗೆ ಒಂದೇ ತೀರ್ಪು. ಅಲ್ಲಿ ಸಾಲು ಸಾಲಿಗೂ ತೀರ್ಪು. ಹೋಲಿಸುವಾಗ ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಉದಾಹರಣೆಗಳಿಂದ ತಿಳಿಯುವುದು ಸುಲಭ. 2001ರ ಬುಷ್ ತೆರಿಗೆ ಕಡಿತ 2010ರ ಕೊನೆಗೆ ಮುಗಿಯುವಂತೆ ಬರೆದದ್ದು ಐದನೇ ಜರಡಿಗಾಗಿ. 2021ರಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಬಿದ್ದದ್ದು ನಾಲ್ಕನೆಯದಕ್ಕೆ: ಕೂಲಿ ಏರಿದರೆ ಸರ್ಕಾರದ ಲೆಕ್ಕದಲ್ಲಿ ವ್ಯತ್ಯಾಸ ಬರುತ್ತದೆ ನಿಜ, ಆದರೆ ಮುಖ್ಯ ಉದ್ದೇಶ ಅದಲ್ಲ. ಅದೇ ವರ್ಷ ವಲಸಿಗರಿಗೆ ಕಾಯಂ ವಾಸದ ದಾರಿ ತೆರೆಯುವ ಪ್ರಯತ್ನವನ್ನು ಪಾರ್ಲಿಮೆಂಟೇರಿಯನ್ ಎಲಿಜಬೆತ್ ಮೆಕ್‌ಡೊನೊ ಮೂರು ಸಲ ತಿರಸ್ಕರಿಸಿದರು. ಗ್ರೀನ್ ಕಾರ್ಡಿಗಾಗಿ ಕಾದು ಕೂತ ಕನ್ನಡಿಗರಲ್ಲಿ ಹಲವರು ಬರ್ಡ್ ಹೆಸರು ಕೇಳಿದ್ದೇ ಆಗ ಇರಬೇಕು. ಎಲ್ಲಕ್ಕಿಂತ ಮಜಾ 2017ರದು. ಟ್ರಂಪ್ ತೆರಿಗೆ ಕಾನೂನಿನ ಹೆಸರಿಗೇ ಕ್ರಿಯಾಲೋಪ ಬಂತು. ಹೆಸರಿನಿಂದ ಖಜಾನೆಗೆ ಒಂದು ಕಾಸೂ ಬರುವುದಿಲ್ಲ, ಹೋಗುವುದಿಲ್ಲ — ಮೊದಲನೇ ಜರಡಿ. ಹೆಸರು ಬಿತ್ತು, ಕೆಳಮನೆ ಮತ್ತೊಮ್ಮೆ ಮತ ಹಾಕಬೇಕಾಯಿತು. 2025ರ ದೊಡ್ಡ ಮಸೂದೆಯ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಎಂಬ ಹೆಸರಿಗೂ ಅದೇ ಗತಿ. ಪತ್ರಿಕೆಗಳು ಬಳಸುವ ಹೆಸರು ಕಾನೂನಿನ ಪುಟದಲ್ಲಿ ಸಿಗದಿದ್ದರೆ ಕಾರಣ ಇದು.

1989ರಲ್ಲಿ ನಾಯಕನ ಸ್ಥಾನ ಬಿಟ್ಟು ಬರ್ಡ್ ಧನವಿನಿಯೋಗ ಸಮಿತಿಯ ಅಧ್ಯಕ್ಷರಾದರು. ಹೊರಗಿನವರಿಗೆ ಇದು ಹಿಂಬಡ್ತಿಯಂತೆ ಕಂಡಿತು. ಬಲ್ಲವರಿಗೆ ಗೊತ್ತಿತ್ತು, ಸಂದೂಕದ ಬೀಗದಕೈ ಇರುವುದು ಅಲ್ಲಿ. ಐದು ವರ್ಷದಲ್ಲಿ ಬಡ ರಾಜ್ಯಕ್ಕೆ ನೂರು ಕೋಟಿ ಡಾಲರ್ ತರುತ್ತೇನೆ ಎಂದಿದ್ದವರು ಅವಧಿಗೆ ಮುಂಚೆಯೇ ಆ ಮೊತ್ತ ದಾಟಿದರು. ಎಫ್‌ಬಿಐನ ಬೆರಳಚ್ಚು ವಿಭಾಗ ವಾಷಿಂಗ್ಟನ್ನಿನಿಂದ ಕ್ಲಾರ್ಕ್ಸ್‌ಬರ್ಗ್‌ಗೆ ಬಂತು, ನಾಸಾದ ಸಾಫ್ಟ್‌ವೇರ್ ಪರೀಕ್ಷಾ ಕೇಂದ್ರ ಫೇರ್‌ಮಾಂಟ್‌ಗೆ. ಗುಡ್ಡಗಳ ನಡುವೆ ಹೆದ್ದಾರಿಗಳು, ಸೇತುವೆಗಳು, ಕಾಲೇಜು ಕಟ್ಟಡಗಳು — ಐವತ್ತಕ್ಕೂ ಹೆಚ್ಚು ಕಡೆ ಅವರದೇ ಹೆಸರಿನ ಫಲಕ. ಗ್ರೀನ್ ಬ್ಯಾಂಕ್‌ನ ರೇಡಿಯೊ ದೂರದರ್ಶಕ 1988ರ ನವೆಂಬರ್ 15ರ ರಾತ್ರಿ ಕುಸಿದುಬಿದ್ದಾಗ, ಬದಲಿಗೆ ಇನ್ನೂ ದೊಡ್ಡದಕ್ಕೆ ಹಣ ಕೊಡಿಸಿದರು. 100 ಮೀಟರ್‌ಗೆ 110 ಮೀಟರ್ ತಟ್ಟೆಯ, ಎತ್ತ ಬೇಕಾದರೂ ತಿರುಗುವ ಆ ಯಂತ್ರಕ್ಕೂ ಬರ್ಡ್ ಹೆಸರೇ. ಸಿಐಎಯ ಸಾವಿರಾರು ನೌಕರರನ್ನು ತಮ್ಮ ರಾಜ್ಯಕ್ಕೆ ಎಳೆಯಲು 1991ರಲ್ಲಿ ಹೋದದ್ದು ಮಾತ್ರ ಕೈಗೂಡಲಿಲ್ಲ. ಅತಿಯಾಯಿತು ಎಂದು ಉಳಿದವರು ತಿರುಗಿಬಿದ್ದರು. ಸಾರ್ವಜನಿಕ ಹಣ ಪೋಲು ಮಾಡುವವರ ರಾಜ ಎಂಬ ಟೀಕೆಗೆ ಬರ್ಡ್ ಎಂದೂ ನಾಚಿದವರಲ್ಲ. ಕಲ್ಲಿದ್ದಲು ಹೊತ್ತೊಯ್ದ ದೇಶ ರಸ್ತೆ ಮಾಡಿಕೊಡಲಿ ಎಂಬ ಧೋರಣೆ ಅವರದು. ಅದರಲ್ಲಿ ನ್ಯಾಯ ಇಲ್ಲದೇ ಇಲ್ಲ.

ಹಣದ ಹತೋಟಿ ಸದನದ ಕೈಯಲ್ಲಿರಬೇಕು, ಅಧ್ಯಕ್ಷನ ಕೈಯಲ್ಲಲ್ಲ: ಕೊನೆಯ ಎರಡು ದಶಕ ಅವರು ಹಿಡಿದ ಹಟ ಇದು. ಬಜೆಟ್ಟಿನ ಒಂದೊಂದೇ ಬಾಬನ್ನು ಅಧ್ಯಕ್ಷ ಹೊಡೆದುಹಾಕಬಹುದು ಎಂಬ ಕಾಯ್ದೆ 1996ರಲ್ಲಿ ಬಂದಾಗ ಬರ್ಡ್ ಮತ್ತಿತರರು ಕೋರ್ಟಿಗೆ ಹೋದರು. 1997ರಲ್ಲಿ ಸುಪ್ರೀಂ ಕೋರ್ಟ್ ಅವರ ದಾವೆಯನ್ನು ತಳ್ಳಿಹಾಕಿತು; ನಿಮಗೆ ವೈಯಕ್ತಿಕ ಹಾನಿ ಆಗಿಲ್ಲ, ದಾವೆ ಹೂಡುವ ಹಕ್ಕಿಲ್ಲ ಎಂದಿತು. ಹಾನಿಯಾದ ನ್ಯೂಯಾರ್ಕ್ ನಗರ ಮತ್ತಿತರರು ಹೋದಾಗ 1998ರಲ್ಲಿ ಅದೇ ಕೋರ್ಟ್ ಕಾಯ್ದೆಯನ್ನು 6–3ರಿಂದ ರದ್ದು ಮಾಡಿತು. ಇರಾಕ್ ವಿಷಯದಲ್ಲೂ ವಾದ ಇದೇ ಬೇರಿನದು. 1964ರಲ್ಲಿ ಟಾಂಕಿನ್ ಕೊಲ್ಲಿ ನಿರ್ಣಯಕ್ಕೆ ಮತ ಹಾಕಿ ವಿಯೆಟ್ನಾಂ ಯುದ್ಧಕ್ಕೆ ಖಾಲಿ ಚೆಕ್ ಬರೆದುಕೊಟ್ಟವರಲ್ಲಿ ಅವರೂ ಒಬ್ಬರು. 2002ರ ಅಕ್ಟೋಬರ್‌ನಲ್ಲಿ ಅದೇ ತಪ್ಪು ಮತ್ತೆ ಬೇಡ ಎಂದರು. 77–23ರ ಆ ಮತದಾನದಲ್ಲಿ 23ರ ಕಡೆ ನಿಂತರು. 2003ರ ಫೆಬ್ರವರಿ 12ರಂದು, ಯುದ್ಧದ ಹೊಸ್ತಿಲಲ್ಲಿ ಸದನ ಮೂಕವಾಗಿದೆ ಎಂದು ಅವರು ಆಡಿದ ಮಾತು ಜಗತ್ತಿನೆಲ್ಲೆಡೆ ಓಡಾಡಿತು. ಅಂದು ಎದುರಿಗಿದ್ದದ್ದು ಬಹುಪಾಲು ಖಾಲಿ ಕುರ್ಚಿಗಳು. ಭಾರತದ ಓದುಗರಿಗೆ ಒಂದು ಮಾತು: 2008ರ ಅಕ್ಟೋಬರ್ 1ರಂದು ನಮ್ಮೊಂದಿಗಿನ ಅಣು ಒಪ್ಪಂದ 86–13ರಿಂದ ಸೆನೆಟ್ ದಾಟಿತಲ್ಲ, ಆ 13ರಲ್ಲಿ ಬರ್ಡ್ ಇದ್ದರು.

ತಮ್ಮ ಪಕ್ಷಕ್ಕೇ ನಿಯಮ ಅಡ್ಡಬಂದಾಗ ಏನು ಮಾಡಿದರು ಎಂಬುದು ನಿಜವಾದ ಪರೀಕ್ಷೆ. 1993ರಲ್ಲಿ ಕ್ಲಿಂಟನ್ ತಮ್ಮ ಆರೋಗ್ಯ ಯೋಜನೆಯನ್ನು ರಿಕನ್ಸಿಲಿಯೇಷನ್ ಬಾಗಿಲಿಂದ ತರಲು ಕೇಳಿದರು. ಇಷ್ಟು ದೊಡ್ಡ ವಿಷಯವನ್ನು 20 ಗಂಟೆಯಲ್ಲಿ ಮುಗಿಸಲು ಬಿಡುವುದಿಲ್ಲ ಎಂದರು ಬರ್ಡ್. ಯೋಜನೆ ಬಿದ್ದುಹೋಯಿತು. 2009ರಲ್ಲಿ ಒಬಾಮಾ ಕಾಲದಲ್ಲೂ ಅದೇ ಉತ್ತರ. ಹಾಗಾಗಿ ಆರೋಗ್ಯ ಮಸೂದೆ ಮುಂಬಾಗಿಲಿಂದಲೇ ಹೋಗಬೇಕಾಯಿತು, 60 ಮತ ಬೇಕಾಯಿತು. ಇದ್ದದ್ದು ಸರಿಯಾಗಿ 60. ಅದರಲ್ಲಿ ಒಂದು ಮತ 92ರ ಬರ್ಡ್ ಅವರದು. ಡಿಸೆಂಬರ್‌ನ ಹಿಮದಲ್ಲಿ, ರಾತ್ರಿ ಒಂದು ಗಂಟೆಗೆ, ಗಾಲಿಕುರ್ಚಿಯಲ್ಲಿ ಅವರನ್ನು ತಳ್ಳಿಕೊಂಡು ತಂದರು. ಡಿಸೆಂಬರ್ 24ರ ಮುಂಜಾನೆಯ ಅಂತಿಮ ಮತಕ್ಕೂ ಬಂದರು. ಹೆಸರು ಕೂಗಿದಾಗ ಸುಮ್ಮನೆ ‘ಹೌದು’ ಎನ್ನಲಿಲ್ಲ. ಇದು ನನ್ನ ಸ್ನೇಹಿತ ಟೆಡ್ ಕೆನಡಿಗಾಗಿ ಎಂದು ಸೇರಿಸಿದರು. ಆಗಸ್ಟ್‌ನಲ್ಲಿ ತೀರಿಕೊಂಡಿದ್ದ ಆ ಕೆನಡಿ, 1971ರಲ್ಲಿ ಇವರಿಗೆ ಸೋತ ಅದೇ ಎಡ್ವರ್ಡ್ ಕೆನಡಿ.

ಜನವರಿಯ ಉಪಚುನಾವಣೆಯಲ್ಲಿ ಕೆನಡಿಯ ಕುರ್ಚಿ ರಿಪಬ್ಲಿಕನ್ನರ ಪಾಲಾಗಿ 60 ಎಂಬುದು 59 ಆಯಿತು. ಉಳಿದ ಸಣ್ಣಪುಟ್ಟ ತಿದ್ದುಪಡಿಗಳನ್ನು 2010ರ ಮಾರ್ಚ್ 25ರಂದು ರಿಕನ್ಸಿಲಿಯೇಷನ್ ಮೂಲಕವೇ ತರಬೇಕಾಯಿತು. ಲೆಕ್ಕ ಸರಿಪಡಿಸುವ ಕೆಲಸ ಎಂದು ಬರ್ಡ್ ಈ ಸಲ ಒಪ್ಪಿದರು. ರಿಪಬ್ಲಿಕನ್ನರು ಪುಟ ಪುಟ ಜಾಲಾಡಿ, ವಿದ್ಯಾರ್ಥಿ ಅನುದಾನದ ಭಾಗದಲ್ಲಿ ಎರಡು ಸಣ್ಣ ಅಂಶ ಹಿಡಿದು ಕ್ರಿಯಾಲೋಪ ಎತ್ತಿದರು. ಬರ್ಡ್ ನಿಯಮದಡಿ ಎರಡೂ ಉದುರಿದವು, ಮಸೂದೆ ಮತ್ತೆ ಕೆಳಮನೆಗೆ ಹೋಗಿಬಂತು. ಸೆನೆಟ್‌ನಲ್ಲಿ ಅದು ಗೆದ್ದದ್ದು 56–43ರಿಂದ. ಆ 56ರಲ್ಲಿ ಬರ್ಡ್ ಅವರ ಮತವೂ ಇತ್ತು. ಮೂರು ತಿಂಗಳ ನಂತರ ಅವರು ತೀರಿಕೊಂಡರು. ಜುಲೈ 1ರಂದು ಅವರ ಶವಪೆಟ್ಟಿಗೆಯನ್ನು ಸೆನೆಟ್ ಸಭಾಂಗಣದೊಳಗೇ ಇಟ್ಟರು. 1959ರಿಂದ ಈಚೆಗೆ ಆ ಗೌರವ ಯಾರಿಗೂ ಸಂದಿರಲಿಲ್ಲ.